ಕಪ್ಪು ನೀರಿನ ದಡದ ಪಕೂರಿ

ಗಯಾನಾ ದೇಶದ ಮಹೈಕಾ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಸಾಗಿದಂತೆಲ್ಲ, ಕೊಳೆತ ಎಲೆಗಳ ಒಗರನ್ನು ಹೀರಿ ಕಷಾಯದಂತೆ ಕಪ್ಪಾದ ನೀರು, ಅದರಂಚಿಗೆ ಕಣ್ಣು ಕೋರೈಸುವ ಬಿಳಿಯ ಮರಳು, ಆ ಮರಳದಿಬ್ಬದ ಮೇಲೆ ಚೆದರಿದ ಮನೆಗಳು, ಹೀಗೆ ಕಾಣಿಸಿಕೊಂಡ ಸೇಂಟ್ ಕತ್‌ಬರ್ಟ್ಸ್ ಮಿಷನ್ ಎಂಬ ಗ್ರಾಮವು, ನಾನು ಮರಳಿ ಬಂದು ತಿಂಗಳುಗಳು ಸಂದರೂ ಮನಸ್ಸಿನಿಂದ ಕದಲಿಲ್ಲ. ಅಲ್ಲಿಯವರು ಅರವಾಕ್ ಕುಲದ ಲೊಕೊನೊಗಳು. ಆ ಹೆಸರಿಗೆ ಅವರ ನುಡಿಯಲ್ಲಿ ‘ಜನರು’ ಎಂದೇ ಅರ್ಥ.

ಮನೆಯೊಂದರ ಹಿತ್ತಿಲ ಚಪ್ಪರದಲ್ಲಿ ವೃದ್ಧೆಯೊಬ್ಬರು ಮರಗೆಣಸನ್ನು ತುರಿಯುತ್ತಿದ್ದರು. ಅದು ಕಹಿಯ ಜಾತಿ. ಹಸಿಯಾಗಿ ತಿಂದರೆ ಸೈನೈಡ್ ವಿಷದಿಂದ ಪ್ರಾಣಕ್ಕೇ ಎರವಾಗುವಂಥದು. ಆ ತುರಿಯನ್ನು ಆಕೆ ‘ಮಟಪಿ’ಯೊಳಗೆ ತುಂಬಿದರು. ಮಟಪಿಯೆಂದರೆ ಮುಕ್ರು ಎಂಬ ಸಸ್ಯದ ಸೀಳುಗಳನ್ನು ಓರೆಯಾಗಿ ಹೆಣೆದ ಉದ್ದನೆಯ ಕೊಳವೆ. ತುಂಬುವಾಗ ಗಿಡ್ಡವಾಗಿ ಹೊಟ್ಟೆಯುಬ್ಬಿಸಿಕೊಂಡ ಅದನ್ನು ತೊಲೆಗೆ ತೂಗುಹಾಕಿ, ಕೆಳಗಿನ ಕುಣಿಕೆಯಲ್ಲಿ ಗಳುವೊಂದನ್ನು ತೂರಿಸಿ, ಗಳುವಿನ ಮೇಲೆ ಆಕೆ ಕುಳಿತೊಡನೆಯೇ, ಭಾರಕ್ಕೆ ಕೊಳವೆ ನೀಳವಾಗುತ್ತ, ನೀಳವಾದಷ್ಟೂ ಒಡಲು ಕಿರಿದಾಗುತ್ತ, ಹೆಣಿಗೆಯ ಸಂದುಸಂದುಗಳಿಂದ ಹಾಲಿನಂಥ ರಸವು ಪಾತ್ರೆಗೆ ತೊಟ್ಟಿಕ್ಕತೊಡಗಿತು. ಹೆಣಿಗೆಯ ಓರೆಯಲ್ಲಿಯೇ ಯಂತ್ರದ ಸಮಸ್ತ ಮರ್ಮವೂ ಅಡಗಿದೆ. ಸೀಳುಗಳನ್ನು ನೇರವಾಗಿ ಹೆಣೆದಿದ್ದರೆ ಎಷ್ಟೆಳೆದರೂ ಅದು ಹಿಂಡಲಾರದು. ಹಿಂಡಿ ಉಳಿದ ಹಿಟ್ಟು ಹಂಚಿನ ಮೇಲೆ ಅಗಲವಾದ ರೊಟ್ಟಿಯಾಗುತ್ತದೆ. ರಸವನ್ನು ಬಹಳ ಹೊತ್ತು ಕುದಿಸಿದರೆ ವಿಷವು ಆವಿಯಾಗಿ, ‘ಕ್ಯಾಸರೀಪ್’ ಎಂಬ ಕಪ್ಪು ಪಾಕವುಳಿಯುತ್ತದೆ. ಪೆಪ್ಪರ್‌ಪಾಟ್ ಎಂಬ ಮಾಂಸದ ಅಡುಗೆಗೆ ಬಣ್ಣವನ್ನೂ ರುಚಿಯನ್ನೂ ಕೊಟ್ಟು, ಅದು ಕೆಡದಂತೆ ಕಾಯುವುದೂ ಅದೇ.

ಗ್ರಾಮದ ಚರಿತ್ರೆಯನ್ನು ಕಾಗದಪತ್ರಗಳಲ್ಲಿ ಅರಸಿದವನಿಗೆ ಮೊದಲು ಸಿಕ್ಕುವುದು, ಆಂಗ್ಲಿಕನ್ ಪಾದ್ರಿಗಳು 1889ರಲ್ಲಿ ಇದನ್ನು ‘ಸ್ಥಾಪಿಸಿದರು’ ಎಂಬ ವಾಕ್ಯ. ಆ ಕ್ರಿಯಾಪದವನ್ನು ನಾನು ಒಪ್ಪಲಾರೆ. ಸಂತನ ಹೆಸರು ಬರುವ ಮುನ್ನವೇ ಇದಕ್ಕೆ ಪಕೂರಿ ಎಂಬ, ಮರವೊಂದರ ಹೆಸರಿತ್ತು, ಇಂದಿಗೂ ಇದೆ. ಗ್ರಾಮದಾಚೆ, ದೇಶದ ಚರಿತ್ರೆಯಲ್ಲಿಯೂ ಲೊಕೊನೊಗಳ ಗುರುತಿದೆ: 1957ರ ಸೆಪ್ಟೆಂಬರ್ 10ರಂದು ಸ್ಟೀಫನ್ ಕ್ಯಾಂಪ್‌ಬೆಲ್ ಎಂಬ ಲೊಕೊನೊ ಪುರುಷರು ಅಲ್ಲಿನ ಶಾಸನಸಭೆಯನ್ನು ಪ್ರವೇಶಿಸಿದ ಪ್ರಥಮ ಅಮೆರಿಂಡಿಯನ್, ಅಂದರೆ ಮೂಲನಿವಾಸಿ, ಆದರು. ಆ ದಿನವನ್ನು ಇಡೀ ದೇಶ ಇಂದಿಗೂ ಆಚರಿಸುತ್ತದೆ. ಇನ್ನು ಈ ಗ್ರಾಮವನ್ನು ಆಳುವುದು ಜನರೇ ಆರಿಸಿದ ‘ತೊಶಾವ್’ ಎಂಬ ಮುಖ್ಯಸ್ಥರು ಹಾಗೂ ಅವರ ಮಂಡಲಿ. ಚಿತ್ರಕಾರರೂ ಪುರಾತತ್ತ್ವಜ್ಞರೂ ಆದ ಜಾರ್ಜ್ ಸೈಮನ್ 1947ರಲ್ಲಿ ಹುಟ್ಟಿದ್ದು ಇಲ್ಲಿಯೇ. ಮಣ್ಣಿನಡಿಯಲ್ಲಿ ತಮ್ಮವರ ಪೂರ್ವಕಾಲವನ್ನು ಅರಸಿದ ಅವರಿಗೆ, ಚರಿತ್ರೆ ಪಾದ್ರಿಗಳ ದಿನಚರಿಯಿಂದ ಮೊದಲಾಗುವುದಿಲ್ಲವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯಾವ ಬೇರಿನಲ್ಲಿ ವಿಷವಿದೆ, ಅದನ್ನು ಹೇಗೆ ಹಿಂಡಬೇಕು, ಎಷ್ಟು ಕುದಿಸಬೇಕು ಎಂಬುದನ್ನು ಒಂದೇ ತಲೆಮಾರು ಕಂಡುಕೊಂಡಿರಲಾರದು. ಅಂದು ಆ ಚಪ್ಪರದಲ್ಲಿ ನಾನು ಹೀಗೆ ಯೋಚಿಸುತ್ತಿದ್ದಾಗ ಮಟಪಿಯ ರಸದ ಹನಿ ಮಂದವಾಯಿತು. ಅಜ್ಜಿ ತುಸು ಸರಿದು ಸ್ಥಳ ಬಿಟ್ಟರು. ಮೊಮ್ಮಗಳು ಓಡಿಬಂದು ಗಳುವಿನ ಮೇಲೆ ಪಕ್ಕದಲ್ಲಿ ಕುಳಿತಳು. ಹನಿ ಮತ್ತೆ ಚುರುಕಾಯಿತು.