ತಿರುಕನ ಜೋಳಿಗೆ

‘ತಿರಿ’ ಎಂಬ ಧಾತುವಿಗೆ ಅಲೆ ಎಂದೂ ಬೇಡು ಎಂದೂ ಎರಡು ಅರ್ಥಗಳುಂಟೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಎರಡನ್ನೂ ಬಾಳಿ ತೋರಿಸಿದವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು. ‘ತಿರುಕ’ ಎಂಬುದು ಅವರ ಕಾವ್ಯನಾಮ. 1943ರಲ್ಲಿ ಅವರು ಅಲ್ಲಿ ಅನಾಥ ಸೇವಾಶ್ರಮವನ್ನು ಸ್ಥಾಪಿಸಿದರು. ದಿಕ್ಕಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ. ರೋಗಿಗಳಿಗೆ ಆಯುರ್ವೇದದ ಔಷಧ. ತರುಣರಿಗೆ ಯೋಗಾಭ್ಯಾಸ—ಇವು ಅದರ ಗುರಿ. ಬಂಡವಾಳವೋ, ಹೆಗಲ ಮೇಲಿನ ಒಂದು ಜೋಳಿಗೆ! 1996ರಲ್ಲಿ ಅವರು ದೈವಾಧೀನರಾಗುವ ವೇಳೆಗೆ ಆ ಜೋಳಿಗೆ ಶಾಲೆಯಾಗಿತ್ತು, ಆಸ್ಪತ್ರೆಯಾಗಿತ್ತು.

ಬಡ ವಿದ್ಯಾರ್ಥಿಗಳ ಊಟಕ್ಕೆಂದು ಒಮ್ಮೆ ನಾನೂ ಚಂದಾ ಎತ್ತಲು ಹೊರಟೆ. ಮೂರನೆಯ ಮನೆಯ ಬಾಗಿಲಲ್ಲಿಯೇ ಮಾನವು ಅಡ್ಡ ಬಂದಿತು; ಹಿಂದಿರುಗಿ, ಉಳಿದ ಹಣವನ್ನು ನನ್ನ ಸಂಬಳದಿಂದಲೇ ತುಂಬಿದೆ. ಕೊಡುವುದು ಸುಲಭ, ಪರರಿಗಾಗಿ ಬೇಡುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಧಾತುವಿನ ಅರ್ಥವನ್ನು ನಾನಿನ್ನೂ ಕಲಿಯುತ್ತಿದ್ದೇನೆ.