ಚಳಿಗಾಲದಲ್ಲಿ ಟ್ರ್ಯಾಕ್ಟರಿನ ಗೇರುಪೆಟ್ಟಿಗೆಗೆ ಯಾವ ಎಣ್ಣೆ?

ಡಿಸೆಂಬರ್-ಜನವರಿ ತಿಂಗಳುಗಳಲ್ಲಿ ನಮ್ಮ ಟ್ರ್ಯಾಕ್ಟರುಗಳಿಗೆ ಬಿಡುವಿಲ್ಲ. ಕಬ್ಬು ಕಾರ್ಖಾನೆಗೆ ಸಾಗಬೇಕು. ಬೇಸಿಗೆ ಶೇಂಗಾಕ್ಕೆ ಭೂಮಿ ಹದವಾಗಬೇಕು. ಕಾಲುವೆ ನೀರಿರುವಲ್ಲಿ ಬೇಸಿಗೆ ಬತ್ತಕ್ಕೆ ಕೆಸರು ಗದ್ದೆ ಸಿದ್ಧವಾಗಬೇಕು. ಇದೇ ತಿಂಗಳುಗಳಲ್ಲಿ ಬೀದರ್, ವಿಜಯಪುರ, ಬಾಗಲಕೋಟೆ ಮುಂತಾದ ಕಡೆ ಬೆಳಗಿನ ಜಾವದ ಉಷ್ಣತೆ ಕೆಲವು ದಿನ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇಳಿಯುವುದುಂಟು. ರಾತ್ರಿಯೆಲ್ಲ ಬಯಲಿನಲ್ಲಿ ನಿಂತ ಟ್ರ್ಯಾಕ್ಟರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಗೇರು ಬೀಳುವುದಿಲ್ಲ, ಲಿವರ್ ಕೈಗೆ ಬಗ್ಗುವುದಿಲ್ಲ, ಲಿಫ್ಟ್ ನಿಧಾನವಾಗಿ ಏಳುತ್ತದೆ ಎಂಬ ದೂರುಗಳು ಆಗಲೇ ಹೆಚ್ಚು.

ಇಂತಹ ಸಮಯದಲ್ಲಿ ಕೆಲವರು ಗೇರುಪೆಟ್ಟಿಗೆಯೇ ಕೆಟ್ಟಿತೆಂದು ಬಿಚ್ಚಿಸಿ ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ. ಇನ್ನು ಕೆಲವರು ಎಣ್ಣೆಗೆ ಸೀಮೆಎಣ್ಣೆ ಬೆರೆಸಿ ತೆಳುಮಾಡಿ, ಇಲ್ಲದ ದೋಷವನ್ನು ತಾವೇ ತಂದುಕೊಳ್ಳುತ್ತಾರೆ. ಇವೆರಡೂ ಬೇಡ. ನಮ್ಮ ರಾಜ್ಯದ ಚಳಿ ಸರಿಯಾದ ಗೇರ್ ಎಣ್ಣೆಗೆ ಹೆಚ್ಚೇನೂ ಅಲ್ಲ. ಬೆಳಿಗ್ಗೆ ಗೇರು ವಿಪರೀತ ಬಿಗಿಯಾಗಿದ್ದರೆ ಒಂದೋ ಒಳಗಿರುವ ಎಣ್ಣೆ ಬೇರೆ ಜಾತಿಯದು, ಇಲ್ಲವೇ ದೋಷ ಬೇರೆ ಕಡೆ ಇದೆ. ಇದನ್ನು ರೈತರು ತಾವೇ ಪರೀಕ್ಷಿಸಿ ತಿಳಿಯಬಹುದು.

ಚಳಿಯಲ್ಲಿ ಎಣ್ಣೆ ಏನಾಗುತ್ತದೆ?

ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಹೆಪ್ಪುಗಟ್ಟುತ್ತದೆ. ಪಕ್ಕದಲ್ಲಿಟ್ಟ ಹರಳೆಣ್ಣೆ ಹೆಪ್ಪುಗಟ್ಟದಿದ್ದರೂ ಸುರಿದರೆ ಜಿನುಗುವಂತೆ ನಿಧಾನವಾಗಿ ಹರಿಯುತ್ತದೆ. ಗೇರ್ ಎಣ್ಣೆಯ ಸ್ವಭಾವ ಈ ಹರಳೆಣ್ಣೆಯಂತಹುದು. ನಮ್ಮ ಚಳಿಗೆ ಅದು ಹೆಪ್ಪುಗಟ್ಟುವುದಿಲ್ಲ, ಆದರೆ ಮಂದವಾಗುತ್ತದೆ. ಹೀಗೆ ಹರಿವಿಗೆ ಅಡ್ಡಿಮಾಡುವ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು.

ಉಷ್ಣತೆಗೆ ತಕ್ಕಂತೆ ಸ್ನಿಗ್ಧತೆ ಬದಲಾಗುವ ಪ್ರಮಾಣ ಬಹಳ ದೊಡ್ಡದು. ಸಾಧಾರಣ 90 ಅಂಕಿಯ ಗೇರ್ ಎಣ್ಣೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಹತ್ತು ಪಟ್ಟು ಮಂದವಾಗಿರುತ್ತದೆ. 10 ಡಿಗ್ರಿಗೆ ಇಳಿದರೆ ಇನ್ನೂ ಹಲವು ಪಟ್ಟು ಮಂದವಾಗುತ್ತದೆ. ಮಧ್ಯಾಹ್ನ ಸಲೀಸಾಗಿ ಬೀಳುವ ಗೇರು ಬೆಳಿಗ್ಗೆ ತುಸು ಬಿಗಿಯಾಗುವುದು ಇದರಿಂದಲೇ. ಅಷ್ಟು ಬಿಗಿ ಸಹಜ.

ಗೇರು ಬಿಗಿಯಾಗುವುದೇಕೆ?

ಲಿವರನ್ನು ತಳ್ಳಿದಾಗ ಪೆಟ್ಟಿಗೆಯೊಳಗಿನ ಕವಲುಕೋಲು ಒಂದು ಗೇರನ್ನೋ ಉಂಗುರವನ್ನೋ ದಂಡದ ಮೇಲೆ ಸರಿಸುತ್ತದೆ. ಅದು ಸರಿಯಬೇಕಾದರೆ ಹಲ್ಲುಗಳ ನಡುವಿನ ಎಣ್ಣೆ ಜಾಗ ಬಿಡಬೇಕು. ಎಣ್ಣೆ ಮಂದವಾಗಿದ್ದರೆ ಬೇಗ ಜಾಗ ಬಿಡದು. ಕೈಗೆ ಬಿಗಿ ತಿಳಿಯುತ್ತದೆ. ಸಿಂಕ್ರೋಮೆಶ್ ಇರುವ ಗೇರುಪೆಟ್ಟಿಗೆಗಳಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಸಾಮಾನ್ಯವಾಗಿ ಹಿತ್ತಾಳೆಯಂತಹ ಲೋಹದ ಉಂಗುರವೊಂದು ಗೇರಿನ ಕೋನಾಕಾರದ ಮೈಗೆ ಉಜ್ಜಿ ಎರಡರ ವೇಗವನ್ನೂ ಸಮಮಾಡುತ್ತದೆ. ನಡುವಿನ ಎಣ್ಣೆಯ ಪದರವನ್ನು ಸೀಳಿದರೆ ಮಾತ್ರ ಈ ಉಜ್ಜುವಿಕೆ ಸಾಧ್ಯ. ಮಂದ ಎಣ್ಣೆಯ ಪದರ ಬೇಗ ಸೀಳುವುದಿಲ್ಲ. ಆಗ ಗೇರು ತಡೆದು ನಿಲ್ಲುತ್ತದೆ, ಇಲ್ಲವೇ ಕರಕರ ಸದ್ದಾಗುತ್ತದೆ.

ಇದು ಬರೀ ಕೈನೋವಿನ ಮಾತಲ್ಲ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಗೇರು ಬದಲಿಸಲು ಹೋಗಿ ಅದು ಬೀಳದೆ ಹೋದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹೊತ್ತು ಮೂಡುವ ಮೊದಲೇ ಹೇರು ಕಟ್ಟಿ ಹೊರಡುವವರು ಇದನ್ನು ಮರೆಯಬಾರದು. ಇಳಿಜಾರು ಮುಟ್ಟುವ ಮೊದಲೇ ತಗ್ಗಿನ ಗೇರಿಗೆ ಹಾಕಿಕೊಳ್ಳಬೇಕು. ಇಳಿಯುವಾಗ ಗೇರು ಬದಲಿಸಕೂಡದು.

ಡಬ್ಬದ ಮೇಲಿನ ಅಂಕಿಗಳ ಅರ್ಥ

ಗೇರ್ ಎಣ್ಣೆಯ ಡಬ್ಬದ ಮೇಲೆ ಎಸ್.ಎ.ಇ. ಎಂಬ ಅಕ್ಷರಗಳ ಮುಂದೆ 90, 140, 80ಡಬ್ಲ್ಯು-90, 85ಡಬ್ಲ್ಯು-140 ಎಂದು ಬರೆದಿರುತ್ತದೆ. ಇವು ಎಣ್ಣೆಯ ಮಂದತನವನ್ನು ಹೇಳುವ ಅಂಕಿಗಳೇ ಹೊರತು ಗುಣಮಟ್ಟದ ಅಂಕಗಳಲ್ಲ. 140 ಎಂದರೆ 90ಕ್ಕಿಂತ ಉತ್ತಮ ಎಂದು ಭಾವಿಸುವುದು ತಪ್ಪು. ಬಿಸಿಯಾದಾಗಲೂ 140ರ ಎಣ್ಣೆ 90ಕ್ಕಿಂತ ಸಾಕಷ್ಟು ಮಂದವಾಗಿರುತ್ತದೆ, ಚಳಿಯಲ್ಲಿ ಈ ಅಂತರ ಮತ್ತೂ ಹೆಚ್ಚುತ್ತದೆ. ತಯಾರಕರು 90 ಎಂದು ಸೂಚಿಸಿದ ಪೆಟ್ಟಿಗೆಗೆ "ದಪ್ಪ ಎಣ್ಣೆ ಬಾಳಿಕೆ ಬರುತ್ತದೆ" ಎಂದು 140 ಸುರಿದರೆ ಚಳಿಗಾಲದಲ್ಲಿ ಗೇರು ಬಿಗಿಯಾಗುವುದು ಖಂಡಿತ.

80ಡಬ್ಲ್ಯು-90 ಎಂಬಲ್ಲಿ ಡಬ್ಲ್ಯು ಚಳಿಗಾಲದ ಗುರುತು. ಚಳಿಯಲ್ಲಿ ಅದು 80ಡಬ್ಲ್ಯು ವರ್ಗದಂತೆ ತೆಳುವಾಗಿ ಹರಿಯುತ್ತದೆ, ಬಿಸಿಯಾದಾಗ 90ರಷ್ಟು ಮಂದತನ ಉಳಿಸಿಕೊಳ್ಳುತ್ತದೆ ಎಂದು ಅರ್ಥ. 80ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 26 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸುತ್ತಾರೆ. 85ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಕಾಶ್ಮೀರ, ಹಿಮಾಚಲ ಪ್ರದೇಶಗಳ ಹಿಮದ ಸೀಮೆಯಲ್ಲಿ ಈ ಅಂಕಿಗೆ ಬಹಳ ಬೆಲೆ. ನಮ್ಮಲ್ಲಿ ಅಂತಹ ಚಳಿ ಇಲ್ಲ. ಆದ್ದರಿಂದ 90 ಸೂಚಿಸಿದ ಟ್ರ್ಯಾಕ್ಟರಿಗೆ ಕೈಪಿಡಿ ಒಪ್ಪುವುದಾದರೆ 80ಡಬ್ಲ್ಯು-90 ವರ್ಷವಿಡೀ ಸಾಕು. ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಣ್ಣೆ ಬೇಕಾಗಿಲ್ಲ.

ಇಲ್ಲಿ ಇನ್ನೊಂದು ಗೊಂದಲವಿದೆ. ಎಂಜಿನ್ ಎಣ್ಣೆಯ ಅಂಕಿ 40, ಗೇರ್ ಎಣ್ಣೆಯದು 90; ಆದುದರಿಂದ ಗೇರ್ ಎಣ್ಣೆ ಇಮ್ಮಡಿಗಿಂತ ದಪ್ಪ ಎಂದು ಹಲವರ ತಿಳಿವಳಿಕೆ. ಇವೆರಡೂ ಬೇರೆ ಬೇರೆ ಅಳತೆಗೋಲುಗಳು. ಬಿಸಿಯಾದಾಗ 90ರ ಗೇರ್ ಎಣ್ಣೆಯ ಮಂದತನ 40 ಅಥವಾ 50 ಅಂಕಿಯ ಎಂಜಿನ್ ಎಣ್ಣೆಯ ಸಮೀಪದಲ್ಲೇ ಇರುತ್ತದೆ. ಹಾಗೆಂದು ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ, ಏಕೆಂದರೆ ಅವುಗಳಲ್ಲಿ ಬೆರೆಸಿರುವ ರಾಸಾಯನಿಕಗಳು ಬೇರೆ.

ಜಿ.ಎಲ್.-4, ಜಿ.ಎಲ್.-5

ಡಬ್ಬದ ಮೇಲೆ ಎ.ಪಿ.ಐ. ಜಿ.ಎಲ್.-4 ಅಥವಾ ಜಿ.ಎಲ್.-5 ಎಂದೂ ಇರುತ್ತದೆ. ಗೇರಿನ ಹಲ್ಲುಗಳ ಮೇಲೆ ಭಾರೀ ಒತ್ತಡ ಬಿದ್ದಾಗ ಲೋಹಕ್ಕೆ ಲೋಹ ತಗುಲದಂತೆ ಕಾಯಲು ಗಂಧಕ, ರಂಜಕಗಳ ಸಂಯುಕ್ತಗಳನ್ನು ಎಣ್ಣೆಗೆ ಸೇರಿಸುತ್ತಾರೆ. ಜಿ.ಎಲ್.-5ರಲ್ಲಿ ಇವು ಜಿ.ಎಲ್.-4ಕ್ಕಿಂತ ಹೆಚ್ಚು. ಅದು ಮುಖ್ಯವಾಗಿ ಲಾರಿ, ಕಾರುಗಳ ಹಿಂದಿನ ಅಚ್ಚಿನಲ್ಲಿರುವ ಹೈಪಾಯ್ಡ್ ಗೇರುಗಳಿಗೆಂದು ಮಾಡಿದ ಎಣ್ಣೆ. ಗಂಧಕ ಹೆಚ್ಚಿರುವ ಕೆಲವು ಎಣ್ಣೆಗಳು ಹಿತ್ತಾಳೆ, ಕಂಚಿನ ಭಾಗಗಳನ್ನು ಕಾಲಕ್ರಮದಲ್ಲಿ ಸವೆಸುತ್ತವೆ. ಸಿಂಕ್ರೋಮೆಶ್ ಉಂಗುರಕ್ಕೆ ಬೇಕಾದ ಉಜ್ಜುವ ಹಿಡಿತವನ್ನೂ ತಗ್ಗಿಸಬಹುದು. ಹೀಗಾಗಿ ಕೈಪಿಡಿಯಲ್ಲಿ ಜಿ.ಎಲ್.-4 ಎಂದಿದ್ದರೆ ಜಿ.ಎಲ್.-4ನ್ನೇ ಹಾಕಬೇಕು. ಅಂಕಿ ದೊಡ್ಡದೆಂದು ಜಿ.ಎಲ್.-5ನ್ನು ಆರಿಸಬಾರದು.

ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇದ್ದರೆ

ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆ, ಹಿಂದಿನ ಅಚ್ಚು, ಲಿಫ್ಟ್ ಮೂರಕ್ಕೂ ಒಂದೇ ಎಣ್ಣೆ. ಇತ್ತೀಚಿನ ಅನೇಕ ಮಾದರಿಗಳಲ್ಲಿ ಬ್ರೇಕಿನ ತಟ್ಟೆಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಇಂತಹ ಟ್ರ್ಯಾಕ್ಟರಿಗೆ ಸಾಧಾರಣ ಗೇರ್ ಎಣ್ಣೆ ಸಲ್ಲದು. ವೆಟ್ ಬ್ರೇಕ್ ಎಣ್ಣೆ ಅಥವಾ ಯು.ಟಿ.ಟಿ.ಓ. ಎಂದು ಬರೆದ, ತಯಾರಕರು ಸೂಚಿಸಿದ ಎಣ್ಣೆಯನ್ನೇ ಹಾಕಬೇಕು. ತಪ್ಪು ಎಣ್ಣೆ ಹಾಕಿದರೆ ಬ್ರೇಕ್ ಜಾರಬಹುದು ಅಥವಾ ಅದುರಿ ಸದ್ದು ಮಾಡಬಹುದು. ಎಣ್ಣೆ ಬಹಳ ಮಂದವಾಗಿದ್ದರೆ ಚಳಿಯಲ್ಲಿ ಲಿಫ್ಟಿನ ಪಂಪು ಅದನ್ನು ಎಳೆಯಲಾರದೆ ಕಿರುಗುಟ್ಟುತ್ತದೆ.

ಎತ್ತಿ ಸುರಿಯುವ ಟ್ರೇಲರ್ ಇರುವವರು ಇನ್ನೊಂದು ಅಂಶ ಗಮನಿಸಬೇಕು. ಟ್ರೇಲರಿನ ಜಾಕಿಗೆ ಹೋಗುವ ಎಣ್ಣೆ ಟ್ರ್ಯಾಕ್ಟರಿನದೇ. ಒಂದೇ ಟ್ರೇಲರನ್ನು ಬೇರೆ ಬೇರೆ ಟ್ರ್ಯಾಕ್ಟರುಗಳಿಗೆ ಕಟ್ಟಿದಾಗ ಅದರ ಜಾಕಿಯಲ್ಲಿ ಉಳಿದ ಎಣ್ಣೆ ಮುಂದಿನ ಟ್ರ್ಯಾಕ್ಟರಿನೊಳಗೆ ಸೇರುತ್ತದೆ. ನಾವು ಹಾಕದ ಎಣ್ಣೆ, ಅದರೊಂದಿಗೆ ನೀರು ಮತ್ತು ಧೂಳು, ನಮ್ಮ ಗೇರುಪೆಟ್ಟಿಗೆಗೆ ಬರುವ ದಾರಿ ಇದು.

ದೋಷ ಎಣ್ಣೆಯದೋ, ಬೇರೆಯದೋ?

ಹಣ ಖರ್ಚು ಮಾಡುವ ಮೊದಲು ಈ ಪರೀಕ್ಷೆಗಳನ್ನು ಮಾಡಿ ನೋಡಿ.

1. ಬೆಳಿಗ್ಗೆ ಮಾತ್ರ ಬಿಗಿ, ಅರ್ಧ-ಮುಕ್ಕಾಲು ಗಂಟೆ ಕೆಲಸದ ನಂತರ ಸಲೀಸು ಎಂದಾದರೆ ಕಾರಣ ಎಣ್ಣೆಯ ಮಂದತನ. ದಿನವಿಡೀ ಹಾಗೇ ಇದ್ದರೆ ದೋಷ ಬೇರೆ ಕಡೆ ಇದೆ.

2. ಸಮತಟ್ಟಾದ ನೆಲದಲ್ಲಿ, ಮುಂದೆ ಯಾರೂ ಇಲ್ಲದಾಗ, ಎಂಜಿನ್ ನಿಧಾನ ಓಡುತ್ತಿರುವಾಗ ಕ್ಲಚ್ಚನ್ನು ಪೂರ್ತಿ ತುಳಿದು ಐದಾರು ಸೆಕೆಂಡು ಕಾಯಿರಿ. ಆಮೇಲೆ ಗೇರು ಹಾಕಿರಿ. ಆಗಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಪೆಡಲಿನ ಸಡಿಲವನ್ನು ಕೈಪಿಡಿಯ ಅಳತೆಗೆ ಸರಿಪಡಿಸಿದರೆ ಎಷ್ಟೋ ವೇಳೆ ಇದು ನಿವಾರಣೆಯಾಗುತ್ತದೆ.

3. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಲಿಫ್ಟ್ ಇಳಿಸಿ, ಎಂಜಿನ್ ನಿಲ್ಲಿಸಿ ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ನೋಡಿ. ಮಟ್ಟ ಹೆಚ್ಚಾದರೂ ಕಡಿಮೆಯಾದರೂ ತೊಂದರೆಯೇ.

4. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕೆಸರು ಗದ್ದೆಯಲ್ಲಿ ಉಳುವ ಟ್ರ್ಯಾಕ್ಟರುಗಳಲ್ಲಿ ಇದು ಸಾಮಾನ್ಯ. ಕಾದ ಕಬ್ಬಿಣದ ಹೆಂಚಿನ ಮೇಲೆ, ದೂರ ನಿಂತು, ಎರಡು ತೊಟ್ಟು ಹಾಕಿದಾಗ ಚಟಪಟ ಸಿಡಿದರೆ ನೀರಿರುವುದು ಖಚಿತ. ಅಂತಹ ಎಣ್ಣೆಯನ್ನು ಪೂರ್ತಿ ಬದಲಿಸಬೇಕು. ನೀರು ಹೊಕ್ಕ ಸೀಲನ್ನೂ ಸರಿಪಡಿಸಬೇಕು.

ಒಳಗಿರುವ ಎಣ್ಣೆ 90 ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದು ಸುಲಭ ಉಪಾಯವಿದೆ. ಒಂದು ಚಿಕ್ಕ ಶೀಶೆಯಲ್ಲಿ ಅದನ್ನೂ, ಅಂತಹದೇ ಇನ್ನೊಂದರಲ್ಲಿ ಹೊಸ 90ರ ಎಣ್ಣೆಯನ್ನೂ ಅಷ್ಟಷ್ಟೇ ತುಂಬಿ ರಾತ್ರಿ ಅಂಗಳದಲ್ಲಿಡಿ. ಬೆಳಗಿನ ಜಾವ ಎರಡನ್ನೂ ಒಟ್ಟಿಗೆ ಬೋರಲು ಹಾಕಿ. ಹಳೆಯದು ಬಹಳ ತಡವಾಗಿ ಹರಿದರೆ ಅದು ಹೆಚ್ಚಿನ ಅಂಕಿಯ ಎಣ್ಣೆ ಇರಬೇಕೆಂದು ತಿಳಿಯಬಹುದು.

ಎಣ್ಣೆ ಬದಲಿಸುವ ಕ್ರಮ

ಅನೇಕ ಟ್ರ್ಯಾಕ್ಟರುಗಳಿಗೆ 20 ಲೀಟರಿಗೂ ಮೇಲೆ ಎಣ್ಣೆ ಹಿಡಿಯುವುದರಿಂದ ಇದು ದುಬಾರಿ ಕೆಲಸ. ಆದ್ದರಿಂದ ಅವಧಿ ಮತ್ತು ಪ್ರಮಾಣ ಎರಡನ್ನೂ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಬೇಕು. ಸಂಜೆ ಕೆಲಸ ಮುಗಿದು ಎಣ್ಣೆ ಬಿಸಿಯಾಗಿರುವಾಗಲೇ ಇಳಿಸಿದರೆ ಕಸರು ಸಮೇತ ಪೂರ್ತಿ ಇಳಿಯುತ್ತದೆ. ತಳದ ಬಿರಡೆಗೆ ಅಂಟಿದ ಲೋಹದ ಪುಡಿಯನ್ನು ಗಮನಿಸಿ. ನುಣುಪಾದ ಪುಡಿ ಸಹಜ. ಹಲ್ಲಿನ ಚೂರುಗಳಿದ್ದರೆ ಮೆಕ್ಯಾನಿಕ್ಕನಿಗೆ ತೋರಿಸಿ. ಜಾಲರಿ ಅಥವಾ ಫಿಲ್ಟರನ್ನು ಸ್ವಚ್ಛಗೊಳಿಸಿ ಇಲ್ಲವೇ ಬದಲಿಸಿ. ಪೆಟ್ಟಿಗೆಯನ್ನು ಸೀಮೆಎಣ್ಣೆಯಿಂದ ತೊಳೆದು ಅದರ ಅಂಶ ಒಳಗೆ ಉಳಿಯುವಂತೆ ಮಾಡಬೇಡಿ. ಸೀಮೆಎಣ್ಣೆ ಮತ್ತು ಡೀಸೆಲ್ ಎಣ್ಣೆಯ ಪದರವನ್ನು ತೆಳುಮಾಡುತ್ತವೆ. ಬೆಳಿಗ್ಗೆ ಗೇರು ಸಲೀಸಾಗಿ ಬಿದ್ದರೂ ಮಧ್ಯಾಹ್ನದ ಬಿಸಿಯಲ್ಲಿ ನೇಗಿಲೆಳೆಯುವಾಗ ಹಲ್ಲು, ಬೇರಿಂಗುಗಳು ಸವೆಯುತ್ತವೆ. ಇಳಿಸಿದ ಹಳೆಯ ಎಣ್ಣೆಯನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯದೆ ಡಬ್ಬದಲ್ಲಿ ಕೂಡಿಟ್ಟು, ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಬೇಕು. ಡಬ್ಬದ ಮೊಹರು ನೋಡಿ, ರಸೀದಿ ಪಡೆದು ಎಣ್ಣೆ ಕೊಳ್ಳುವುದು ಒಳ್ಳೆಯದು.

ಬೆಳಗಿನ ಅಭ್ಯಾಸ

ಸರಿಯಾದ ಎಣ್ಣೆ ಇದ್ದರೂ ಚಳಿಯ ಬೆಳಿಗ್ಗೆ ತುಸು ತಾಳ್ಮೆ ಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ತುಳಿದು ಚಾಲೂ ಮಾಡಿದರೆ ಪೆಟ್ಟಿಗೆಯ ಮಂದ ಎಣ್ಣೆಯನ್ನು ಕಡೆಯುವ ಹೊರೆ ಎಂಜಿನ್ನಿಗೂ ಬ್ಯಾಟರಿಗೂ ತಪ್ಪುತ್ತದೆ. ಆಮೇಲೆ ಕ್ಲಚ್ಚನ್ನು ಮೆಲ್ಲನೆ ಬಿಟ್ಟು ಕೆಲವು ನಿಮಿಷ ನಿಧಾನ ಓಡಲು ಬಿಡಿ. ಲಿಫ್ಟನ್ನು ನಾಲ್ಕಾರು ಬಾರಿ ಎತ್ತಿ ಇಳಿಸಿ. ಮೊದಲ ಕಾಲು ಗಂಟೆ ಭಾರವಿಲ್ಲದೆ, ತಗ್ಗಿನ ಗೇರಿನಲ್ಲಿ ನಡೆಸಿ. ಲಿವರನ್ನು ಗುದ್ದಿ ತಳ್ಳುವುದು ಬೇಡ. ನಿಂತು ಗೇರು ಬದಲಿಸಬೇಕಾದ ಟ್ರ್ಯಾಕ್ಟರನ್ನು ಪೂರ್ತಿ ನಿಲ್ಲಿಸಿಯೇ ಬದಲಿಸಬೇಕು.

ಒಟ್ಟಿನಲ್ಲಿ, ಅಂಗಡಿಯವರ ಅಥವಾ ನೆರೆಯವರ ಮಾತಿನ ಮೇಲೆ ಎಣ್ಣೆ ಆರಿಸದೆ ಕೈಪಿಡಿಯ ಮೂರು ಸಂಗತಿಗಳನ್ನು ನೋಡಿ ಆರಿಸಬೇಕು: ಎಸ್.ಎ.ಇ. ಅಂಕಿ ಎಷ್ಟು, ಜಿ.ಎಲ್. ವರ್ಗ ಯಾವುದು, ಬ್ರೇಕ್ ಎಣ್ಣೆಯಲ್ಲಿ ಮುಳುಗಿದೆಯೋ ಇಲ್ಲವೋ. ಈ ಮೂರನ್ನು ಬಣ್ಣದಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಒಳಬದಿಗೆ ಬರೆದಿಟ್ಟರೆ ಮನೆಯವರೇ ಆಗಲಿ, ಬಾಡಿಗೆ ಚಾಲಕನೇ ಆಗಲಿ, ಯಾರು ಎಣ್ಣೆ ಹಾಕಿದರೂ ತಪ್ಪಾಗುವುದಿಲ್ಲ.