ಡಬ್ಲಿನ್ನಿಗೆ ಹೋಗದ ಬೆಳ್ಳಿ

1637ರಲ್ಲಿ ದೊರೆ ಒಂದನೇ ಚಾರ್ಲ್ಸ್ ಡಬ್ಲಿನ್ನಿನ ಅಕ್ಕಸಾಲಿಗರ ಸಂಘಕ್ಕೆ ಸನದು ಕೊಟ್ಟ. ಇಡೀ ಐರ್ಲೆಂಡಿನ ಬೆಳ್ಳಿಯನ್ನು ಒರೆಹಚ್ಚಿ ಮುದ್ರೆ ಒತ್ತುವ ಅಧಿಕಾರ ಆ ಸಂಘದ ಪಾಲಾಯಿತು. ನೂರಕ್ಕೆ 92.5ರಷ್ಟು ಬೆಳ್ಳಿಯಿದ್ದ ವಸ್ತುವಿಗೆ ಕಿರೀಟ ತೊಟ್ಟ ಹಾರ್ಪ್ ವಾದ್ಯದ ಗುರುತು ಬೀಳುತ್ತಿತ್ತು. ಕಾರ್ಕ್, ಲಿಮೆರಿಕ್, ಗಾಲ್ವೇ ಊರಿನವರೂ ಮಾಲನ್ನು ಅಲ್ಲಿಗೇ ಕಳಿಸಬೇಕಿತ್ತು. ಆದರೆ ದಾರಿ ದೂರ, ಜೊತೆಗೆ ದರೋಡೆಯ ಭಯ. ಗಾಡಿಯ ಕುಲುಕಾಟಕ್ಕೆ ಪಾತ್ರೆ ನೆಗ್ಗುವ ಚಿಂತೆ ಬೇರೆ. ಹೀಗಾಗಿ ಬಹಳ ಮಂದಿ ತಮ್ಮೂರಿನಲ್ಲೇ ಮುದ್ರೆ ಒತ್ತಿ ಮಾರಿದರು. ಬೆಳ್ಳಿ ಚೊಕ್ಕವೆನ್ನುವುದಕ್ಕೆ ಮಾಡಿದವನ ಹೆಸರೇ ಜಾಮೀನು.

ಗಾಲ್ವೇಯವರದು ಲಂಗರಿನ ಗುರುತು. ಕಾರ್ಕ್‌ನವರು ತಮ್ಮ ನಗರದ ಲಾಂಛನದಲ್ಲಿದ್ದ ಹಡಗು ಮತ್ತು ಕೋಟೆಗಳನ್ನು ಬಳಸಿದರು. ಹದಿನೆಂಟನೇ ಶತಮಾನದಲ್ಲಿ ಅದು ಹೋಗಿ ‘ಸ್ಟರ್ಲಿಂಗ್’ ಎಂಬ ಅಕ್ಷರಗಳೇ ಬಂದವು; ಅದರ ಕಾಗುಣಿತವೂ ಎಲ್ಲರದೂ ಒಂದೇ ಅಲ್ಲ. ಡಬ್ಲಿನ್ನಿನಂತೆ ವರ್ಷ ಸೂಚಿಸುವ ಅಕ್ಷರ ಇವುಗಳಲ್ಲಿಲ್ಲ. ಆದ್ದರಿಂದ ಕಾಲ ನಿರ್ಣಯಕ್ಕೆ ಕುಶಲಕರ್ಮಿಯ ಹೆಸರಿನ ಮೊದಲಕ್ಷರಗಳನ್ನೂ ಕೆಲಸದ ಶೈಲಿಯನ್ನೂ ನೋಡಬೇಕು.

ಶೈಲಿ ತಿಳಿಯಲು ಚಮಚವೊಂದೇ ಸಾಕು. ಹದಿನೆಂಟನೇ ಶತಮಾನದ ಕೊನೆಯ ಐರಿಷ್ ಚಮಚದ ಹಿಡಿ ನೀಳ, ತುದಿ ಚೂಪು. ಉಳಿಯನ್ನು ಓರೆಯಾಗಿ ಹಿಡಿದು ಕೆತ್ತಿದ ಗೆರೆಗಳು ಬೆಳಕು ಬಿದ್ದೊಡನೆ ಥಳಥಳಿಸುತ್ತವೆ. ಆ ತುದಿಯಲ್ಲಿ ಮೂರು ಗರಿಗಳ ಗೊಂಚಲು ಕಂಡರೆ ಅದು ಲಿಮೆರಿಕ್‌ನದಿರಬಹುದು.

ಕಾರ್ಕ್‌ನ ರಾಬರ್ಟ್ ಗೋಬಲ್ 1696ರಲ್ಲಿ ಅಲ್ಲಿನ ಕಸುಬುದಾರರ ಸಂಘಗಳಿಗೆ ಮಾಡಿಕೊಟ್ಟ ಬೆಳ್ಳಿಯ ಅಧಿಕಾರದಂಡ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ರಾಜಧಾನಿಯ ಹೊರಗೆ ಎಂಥ ಕೈಗಳಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಊರಿನ ಜೇನ್ ವಿಲಿಯಮ್ಸ್‌ಳನ್ನು ಇನ್ನೂ ಹೆಚ್ಚು ನೆನೆಯಬೇಕು. ಅಕ್ಕಸಾಲಿಗನಾಗಿದ್ದ ಗಂಡ ತೀರಿಕೊಂಡ ಮೇಲೆ, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಅವಳು ತಂದೆ ಕಾರ್ಡನ್ ಟೆರಿಯ ಪಾಲುದಾರಳಾದಳು. ಅಂಗಡಿಯ ಮುದ್ರೆಯಲ್ಲಿ ಅಪ್ಪನ ಮೊದಲಕ್ಷರಗಳ ಜೊತೆಗೆ ಮಗಳವೂ ಇವೆ.

ಮುಂದೆ ಸಾಗಣೆ ಸಲೀಸಾಯಿತು, ಇಂಗ್ಲೆಂಡಿನ ಕಾರ್ಖಾನೆಗಳ ಅಗ್ಗದ ಮಾಲು ಬಂತು; ಊರೂರಿನ ಕುಲುಮೆಗಳು ಆರಿದವು. 1922ರ ಅಂತರ್ಯುದ್ಧದಲ್ಲಿ ಕಾರ್ಕ್‌ಗೂ ಡಬ್ಲಿನ್ನಿಗೂ ಸಂಪರ್ಕ ಕಡಿದಾಗ ಮಾತ್ರ ವಿಲಿಯಂ ಈಗನ್ ಅಂಡ್ ಸನ್ಸ್ ಅಂಗಡಿಯವರು ಎರಡು ಕೋಟೆ, ನಡುವೆ ಹಡಗಿನ ಹಳೆಯ ಗುರುತನ್ನು ಮತ್ತೆ ಒತ್ತಿದರು. ಕೆಲವೇ ವಾರಗಳಲ್ಲಿ ತಯಾರಾದ ಆ ಬೆರಳೆಣಿಕೆಯ ವಸ್ತುಗಳನ್ನು ಸಂಗ್ರಾಹಕರು ‘ರಿಪಬ್ಲಿಕನ್ ಸಿಲ್ವರ್’ ಎಂದು ಕರೆಯುತ್ತಾರೆ.